ಸಂಜೆ ಸೂರ್ಯನ ಕಡೆಗೆ ಹ್ಯಾಂಡಲ್

ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನ ತರಕಾರಿ ವ್ಯಾಪಾರಿಯೊಬ್ಬರು ಒಂದು ಭಾನುವಾರ ಬೆಳಿಗ್ಗೆ ಕಾಪುವಿನ ನಮ್ಮ ಮನೆಗೆ ಬಂದು, ಅಂಗಳದಲ್ಲಿ ನಿಂತಿದ್ದ ಮೋಟಾರ್ ಸೈಕಲಿನ ಹಿಂದಿನ ಚಕ್ರವನ್ನು ಒದ್ದು ನೋಡಿದರು. "ಎರಡು ಗೋಣಿ ಗುಳ್ಳ ಬದನೆ ಹೊತ್ತೀತಾ?" ಎಂದು ಕೇಳಿದರು. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಗಾಡಿ ನನ್ನ ಸೋದರಮಾವನದು. ನಮ್ಮದು ಅಳಿಯಕಟ್ಟಿನ ಮನೆ. ಅಪ್ಪ ಇದ್ದರೂ ಕೊನೆಯ ಮಾತು ಅಮ್ಮನ ಅಣ್ಣನದೇ. ಮಾವ ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್ ಆಗಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಊರಿನ ಗಂಡಸರು ಒಬ್ಬರ ಹಿಂದೆ ಒಬ್ಬರು ಗಲ್ಫಿಗೆ ಹೊರಟಿದ್ದರು. ಮಾವನಿಗೂ ಮಸ್ಕತ್ತಿನಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತ್ತು. ಹೋಗುವ ಮೊದಲು ಗಾಡಿ ಮಾರುವುದೆಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು.

ಆ ಗಾಡಿಗೆ ನಾವು ಇಟ್ಟ ಹೆಸರು ಕೋಣ. ಕಂಬಳದ ಕೋಣದ ಹಾಗೆ ಕಪ್ಪು, ಅಷ್ಟೇ ಕೊಬ್ಬು. ಮೊದಲನೆಯ ಕಿಕ್ಕಿಗೆ ಎದ್ದರೆ ಮರ್ಯಾದೆ ಹೋಗುತ್ತದೆ ಎಂಬ ಹಾಗೆ ಮಾಡುತ್ತಿತ್ತು. ನೀರು ಇಳಿದ ಹೊತ್ತಿನಲ್ಲಿ ದೀಪಸ್ತಂಭದ ಕೆಳಗಿನ ಗಟ್ಟಿ ಮರಳಿನ ಮೇಲೆ ಮಾವ ನನಗೆ ಅದನ್ನು ಓಡಿಸಲು ಕಲಿಸಿದ್ದರು. ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸವಾದ ಮೇಲೆ, ಅವರು ಬಿಟ್ಟುಕೊಟ್ಟ ದಿನಗಳಲ್ಲಿ ಕೋಣದ ಮೇಲೆಯೇ ಗುಡ್ಡ ಹತ್ತುತ್ತಿದ್ದೆ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ಬರಲಿ ಎಂದು ಇನ್ನಷ್ಟು ಆಕ್ಸಿಲರೇಟರ್ ತಿರುಗಿಸುತ್ತಿದ್ದೆ.

ಮಾವ ಕಲಿಸಿದ ಪಾಠಗಳಲ್ಲಿ ಒಂದು ನನಗೆ ವೇದವಾಕ್ಯವಾಗಿತ್ತು. "ಒಳದಾರಿಯಲ್ಲಿ ತಪ್ಪಿಸಿಕೊಂಡರೆ ಯಾರನ್ನೂ ಕೇಳಬೇಡ ಮಾರಾಯ್ತಿ. ಸಂಜೆ ಸೂರ್ಯನ ಕಡೆಗೆ ಹ್ಯಾಂಡಲ್ ತಿರುಗಿಸು. ಸಮುದ್ರ ಸಿಗ್ತದೆ. ಸಮುದ್ರ ಸಿಕ್ಕಿದ ಮೇಲೆ ಮನೆ ಎಲ್ಲಿಗೆ ಹೋಗ್ತದೆ?" ಕಾರ್ಕಳದ ಆಚೆ, ಶಿರ್ವದ ಗದ್ದೆಗಳ ನಡುವೆ, ಎಷ್ಟೋ ಸಲ ಹಾಗೆಯೇ ಮನೆ ಸೇರಿದ್ದೇನೆ.

ವ್ಯಾಪಾರಿ ಇನ್ನೊಂದು ದಿನ ಬರುತ್ತೇನೆಂದು ಹೋದ ಕೂಡಲೇ ನಾನು ಮಾವನ ಎದುರು ನಿಂತೆ. "ಕೋಣವನ್ನು ನನಗೆ ಕೊಡಿ."

"ಮಣಿಪಾಲಕ್ಕೆ ಹೋಗಿ ಬರಲಿಕ್ಕೆ ಬಸ್ಸುಂಟು," ಎಂದರು ಮಾವ. "ಇದು ದೂರ ಹೋಗುವವರ ಗಾಡಿ."

"ಎಷ್ಟು ದೂರ ಹೋಗಬೇಕು, ಹೇಳಿ."

ಮಾವನಿಗೆ ನಗು ಬಂತು. ಅವರ ಹಳೆಯ ಕಥೆ ಹೊರಗೆ ಬಂತು. ಮೀಸೆ ಮೂಡುವ ವಯಸ್ಸಿನಲ್ಲಿ ಅವರು ಆಂಧ್ರದ ಬೆಜವಾಡದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅಲ್ಲಿಂದ ಒಮ್ಮೆ ಮಚಲೀಪಟ್ಟಣಕ್ಕೆ ಹೋಗಿ ಮೂಡಣ ಸಮುದ್ರದಿಂದ ಸೂರ್ಯ ಮೇಲೆ ಬರುವುದನ್ನು ನೋಡಿದ್ದರಂತೆ. ಕಾದ ಕಾವಲಿಯ ಹಾಗೆ, ದುಂಡಗೆ, ಕೆಂಪಗೆ ಬರುತ್ತದಂತೆ. ಸೂರ್ಯ ಸಮುದ್ರಕ್ಕೆ ಬೀಳುವುದನ್ನು ಮಾತ್ರ ಕಂಡ ನಮ್ಮ ಕೇರಿಯ ಮಕ್ಕಳಿಗೆ ಮಾವ ದೊಡ್ಡ ಮನುಷ್ಯರಾದದ್ದು ಆ ಕಾವಲಿಯಿಂದಲೇ.

"ಒಬ್ಬಳೇ ಅಲ್ಲಿಯವರೆಗೆ ಹೋಗು," ಎಂದರು. "ಸೂರ್ಯ ಏಳುವುದನ್ನು ನೋಡಿ ಬಂದು ನನಗೆ ಹೇಳು. ನಾನು ಕಣ್ಣಾರೆ ಕಂಡವನು, ಸುಳ್ಳಾದರೆ ಗೊತ್ತಾಗ್ತದೆ. ನೋಡಿ ಬಂದರೆ ಕೋಣ ನಿನ್ನದು. ಇಲ್ಲವಾ, ಗುಳ್ಳ ಹೊರಲಿಕ್ಕೆ ಹೋಗ್ತದೆ."

"ನಿಮಗಿಬ್ಬರಿಗೂ ತಲೆ ಸರಿ ಉಂಟಾ?" ಎಂದು ಅಮ್ಮ ಒಳಗಿನಿಂದ ಕೂಗಿದರು. ಆಮೇಲೆ ಅವರೇ ದಾರಿಯ ಬುತ್ತಿಗೆಂದು ಅವಲಕ್ಕಿಯ ಡಬ್ಬಿ ತೊಳೆಯಲು ಶುರು ಮಾಡಿದರು.

ಮರುದಿನ ನಸುಕಿನಲ್ಲಿ ಮಾವನ ಹಳೆಯ ಪ್ಯಾಂಟು, ಅವರದೇ ಖಾಕಿ ಅಂಗಿ ಹಾಕಿ ಹೊರಟೆ. ಕಾರ್ಕಳ ದಾಟುವಾಗ ಬಂಡೆಯ ಮೇಲಿನ ಗೊಮ್ಮಟನ ಹೆಗಲಿಗೆ ಆಗಷ್ಟೇ ಬಿಸಿಲು ಬಿದ್ದಿತ್ತು. ಆಗುಂಬೆಯ ತಿರುವುಗಳಲ್ಲಿ ಕೋಣ ಏದುಸಿರು ಬಿಡುತ್ತಾ ಹತ್ತಿತು. ಮೇಲೆ ತಲುಪಿ ಹಿಂದಿರುಗಿ ನೋಡಿದರೆ ನಮ್ಮ ಊರು, ಬಸ್ಸು, ಲ್ಯಾಬು, ಬದನೆಕಾಯಿ ಎಲ್ಲ ಮಂಜಿನ ಕೆಳಗೆ. ಹೆಲ್ಮೆಟ್ಟಿನೊಳಗೆ ಜೋರಾಗಿ ಕಿರುಚಿದೆ. ನನ್ನ ಕಿವಿಯೇ ಗುಯ್‌ಗುಟ್ಟಿತು. ಅಷ್ಟು ಸಂತೋಷ ನನ್ನೊಳಗೆ ಹಿಡಿಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಚಿತ್ರದುರ್ಗ ದಾಟಿದ ಮೇಲೆ ತೆಂಗಿನ ಮರಗಳು ಕಡಿಮೆಯಾಗಿ ಆಕಾಶ ಜಾಸ್ತಿಯಾಯಿತು. ರಸ್ತೆ ಹಗ್ಗ ಎಳೆದ ಹಾಗೆ ನೇರ. ನಮ್ಮ ಕಡೆ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಇಲ್ಲಿ ಎದುರಿನ ಲಾರಿ ಮೊದಲು ಚುಕ್ಕೆಯಾಗಿ ಕಾಣಿಸಿ, ನಾನೊಂದು ಹಾಡು ಮುಗಿಸಿದ ಮೇಲೆ ಲಾರಿಯಾಗುತ್ತಿತ್ತು. ಬಳ್ಳಾರಿಯ ಉಡುಪಿ ಹೋಟೆಲಿನಲ್ಲಿ ಹೆಲ್ಮೆಟ್ ತೆಗೆದು ಜಡೆ ಕೆಳಗೆ ಬಿಟ್ಟಾಗ ಇಡೀ ಹೋಟೆಲಿನ ಚಮಚಗಳು ನಿಂತವು. ಗಲ್ಲಾದಲ್ಲಿ ಕೂತಿದ್ದ ಯಜಮಾನರು ನನ್ನ ಮಾತು ಕೇಳಿ ಊರಿನ ಗುರುತು ಹಿಡಿದರು. ನಮ್ಮವರಲ್ಲಿ ಮೊದಲು ಬರುವ ಪ್ರಶ್ನೆ ತಪ್ಪದೆ ಬಂತು, "ಯಾರ ಮನೆಯ ಹುಡುಗಿ?" ಹೇಳಿದೆ.

"ಒಬ್ಬಳೇಯಾ? ಮನೆಯಲ್ಲಿ ಗಂಡಸರು ಯಾರೂ ಇಲ್ವಾ?"

"ಇದ್ದಾರೆ. ಅವರೇ ಕಳಿಸಿದ್ದು."

ಅವರು ಇನ್ನೊಂದು ಪ್ಲೇಟ್ ಗೋಳಿಬಜೆ ಕಳಿಸಿದರು.

ನಂದ್ಯಾಲದ ಆಚೆ ಕಾಡಿನ ರಸ್ತೆಯಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಮಾವ ಹೊಸ ಕೇಬಲನ್ನು ಹಳೆಯದರ ಜೊತೆಗೇ ಉದ್ದಕ್ಕೂ ಕಟ್ಟಿಸಿದ್ದರು; ಎರಡು ತುದಿ ಬದಲಾಯಿಸಿದರೆ ಆಯಿತು. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಬದಲಾಯಿಸಿದೆ. ಕೋಣ ಮತ್ತೆ ಗುಡುಗಿದಾಗ ಅದರ ಟ್ಯಾಂಕಿಗೆ ಒಂದು ಮುತ್ತು ಕೊಟ್ಟೆ. ತುಟಿ ಸುಟ್ಟಿತು.

ಮೂರನೆಯ ದಿನ ಮಚಲೀಪಟ್ಟಣ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಗಾಳಿಯಲ್ಲಿ ಉಪ್ಪು, ಒಣಮೀನು. ನಮ್ಮ ಮಲ್ಪೆಯದೇ ವಾಸನೆ! ಯಾರನ್ನು ಕೇಳಬೇಕು, ಕಡಲ ಕರೆಯಲ್ಲಿ ಹುಟ್ಟಿದವಳು ನಾನು. ಸಂಜೆ ಸೂರ್ಯನ ಕಡೆಗೆ ಹ್ಯಾಂಡಲ್ ತಿರುಗಿಸಿದೆ.

ಹೋದೆ, ಹೋದೆ. ಒಂದು ಕಾಲುವೆ ಬಂತು, ಗದ್ದೆ ಬಂತು, ತಾಳೆಮರ ಬಂತು, ನಿಜವಾದ ಕೋಣಗಳೂ ಬಂದವು. ಸಮುದ್ರ ಮಾತ್ರ ಬರಲಿಲ್ಲ. ವಾಸನೆಯೂ ಕಡಿಮೆಯಾಗುತ್ತಾ ಹೋಯಿತು. ರಸ್ತೆಯ ಬದಿಯಲ್ಲಿ ಬೇಯಿಸಿದ ನೆಲಗಡಲೆ ಮಾರುತ್ತಿದ್ದ ಹೆಂಗಸಿನ ಹತ್ತಿರ ನಿಲ್ಲಿಸಿ "ಸಮುದ್ರ?" ಎಂದೆ. ಅವಳು ನನ್ನ ಬೆನ್ನ ಹಿಂದೆ ಕೈ ತೋರಿಸಿದಳು. ಒಬ್ಬಂಟಿ ಹೆಂಗಸೆಂದು ಕುಶಾಲು ಮಾಡುತ್ತಿದ್ದಾಳೆ ಎಂದುಕೊಂಡು ನಾನು ಸೂರ್ಯನ ಕಡೆಗೆ ಕೈ ತೋರಿಸಿದೆ. ಅವಳು ಮತ್ತೆ ಹಿಂದೆ ತೋರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. "ನನಗೆ ಸಮುದ್ರ ಕಲಿಸ್ತೀಯಾ? ನಾನು ಕಾಪುವಿನವಳು!" ಎಂದು ಕನ್ನಡದಲ್ಲಿ ಶುರು ಮಾಡಿ ತುಳುವಿನಲ್ಲಿ ಮುಗಿಸಿದೆ. ಅವಳು ತೆಲುಗಿನಲ್ಲಿ ಅದಕ್ಕಿಂತ ಜೋರಾಗಿ ಏನೋ ಹೇಳಿ, ಎದ್ದು ಬಂದು, ನನ್ನ ಹೆಗಲು ಹಿಡಿದು ಸೂರ್ಯನನ್ನು ನೋಡು ಎಂಬಂತೆ ನಿಲ್ಲಿಸಿದಳು.

ಸೂರ್ಯ ಗದ್ದೆಯೊಳಗೆ ಮುಳುಗಿದ. ಕೆಸರಿನಲ್ಲಿ, ಕೋಣಗಳ ಹಿಂದೆ. ನನ್ನ ಜನ್ಮದಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

ಆಗ ಬುದ್ಧಿ ಬಂತು. ದೇಶದ ಈ ತುದಿಯವರೆಗೆ ಬಂದಿದ್ದೇ ಸಮುದ್ರದಿಂದ ಏಳುವ ಸೂರ್ಯನನ್ನು ನೋಡಲು. ಸಂಜೆ ಅವನೇ ಸಮುದ್ರ ತೋರಿಸುತ್ತಾನೆ ಎಂದು ಹಿಂಬಾಲಿಸಿದವಳೂ ನಾನೇ! ನಗಲು ಶುರು ಮಾಡಿದವಳು ರಸ್ತೆಯಲ್ಲೇ ಕೂತುಬಿಟ್ಟೆ. ಅವಳೂ ನಕ್ಕಳು. ಅಂದು ಅವಳ ಮನೆಯ ಜಗಲಿಯಲ್ಲಿ ಮಲಗಿದೆ.

ಬೆಳಗಾಗುವ ಮೊದಲು ಹ್ಯಾಂಡಲ್ ತಿರುಗಿಸಿ, ಊರು ದಾಟಿ, ಅಲೆಯ ಸದ್ದಿನವರೆಗೆ ಹೋದೆ. ನೀರಿನ ಅಂಚು ಬೂದಿಯಿಂದ ಕೇಸರಿಯಾಯಿತು. ಆಮೇಲೆ ಅವನು ಬಂದ. ದುಂಡಗಲ್ಲ, ಚಪ್ಪಟೆಯಾಗಿ. ಕೆಳಗಿನ ತುದಿ ನೀರಿಗೆ ಅಂಟಿಕೊಂಡು ಬಿಡಲೊಲ್ಲದೆ ಉದ್ದವಾಯಿತು, ನಡುಗಿತು, ಮತ್ತೆ ಪಟಕ್ಕನೆ ಬಿಟ್ಟಿತು. "ಬಂತು! ಬಂತು!" ಎಂದು ಕೂಗಿದೆ. ಬಲೆ ಎಳೆಯುತ್ತಿದ್ದವರು ಅತ್ತ ನೋಡಿ, ಹೊಸತೇನೂ ಕಾಣದೆ, ನನ್ನನ್ನು ನೋಡಿದರು.

ಮನೆಗೆ ಮರಳಿದಾಗ ಅಮ್ಮ ಬೆಲ್ಲ, ನೀರು ತಂದಿಟ್ಟು ನನ್ನ ಮುಖವನ್ನೆಲ್ಲ ಮುಟ್ಟಿ ನೋಡಿದರು. ಮಾವ ಜಗಲಿಯಲ್ಲಿ ಕೂತಿದ್ದರು. ಅವರ ಪೆಟ್ಟಿಗೆ ಕಟ್ಟಿ ಆಗಿತ್ತು. ದಾರಿಯುದ್ದಕ್ಕೂ ಒಂದು ನಿರ್ಧಾರ ಮಾಡಿಕೊಂಡಿದ್ದೆ: ಗದ್ದೆಗೆ ಹೋದ ಕಥೆ ಹೇಳುವುದಿಲ್ಲ. ಹೇಳಿದರೆ ಕೋಣವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಸೂರ್ಯನ ಕಥೆ ಮಾತ್ರ ಹೇಳಿದೆ. ಚಪ್ಪಟೆ ಎಂದಾಗ ಮಾವ ತಲೆಯೆತ್ತಿದರು. "ಕಾವಲಿಯ ಹಾಗೆ ದುಂಡಗೆ, ಅಲ್ವಾ?"

"ಅಲ್ಲ."

ಮಾವ ಅಂಗಳದಲ್ಲಿದ್ದ ಕೋಣದ ಕಡೆ ನೋಡಿದರು. ನನ್ನ ಕಣ್ಣೆದುರು ಗುಳ್ಳದ ಗೋಣಿಗಳು ಬಂದು ನಿಂತವು. ಕೋಣ ಹೋಯಿತು ಎಂದು ಅನಿಸಿದ ಕೂಡಲೇ ಬಾಯಿಯ ಲಗಾಮು ಕಳಚಿತು. "ಹೋಗದಿದ್ದರೆ ನನಗೆ ಇಂಥ ಅವಮಾನ ಆಗ್ತಿತ್ತಾ?" ಎಂದು ಶುರು ಮಾಡಿ ಎಲ್ಲ ಹೇಳಿಬಿಟ್ಟೆ. ಸಂಜೆ ಸೂರ್ಯ, ಕಾಲುವೆ, ನೆಲಗಡಲೆಯ ಹೆಂಗಸು, ಗದ್ದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಮಾವ ನಗಲಿಲ್ಲ. ನಾನು ಬಂದ ಕೂಡಲೇ ಮೊಳೆಗೆ ತೂಗುಹಾಕಿದ್ದ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಆ ಗದ್ದೆ ನನಗೆ ಗೊತ್ತುಂಟು," ಎಂದರು. "ಹೋಟೆಲಿನವರು ಒಂದೇ ದಿನ ಬಿಟ್ಟಿದ್ದರು. ಬಸ್ಸಿಳಿದು ನಾನೂ ಸಂಜೆ ಸೂರ್ಯನ ಕಡೆಗೇ ನಡೆದೆ. ಕತ್ತಲೆಯಾಗುವವರೆಗೆ ನಡೆದೆ. ನಿನ್ನ ಹತ್ತಿರ ಗಾಡಿ ಇತ್ತು, ತಿರುಗಿಸಿದೆ. ನನ್ನ ಹತ್ತಿರ ರಜೆ ಇರಲಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ನಾನು ನೋಡಿದ್ದು ದೋಸೆಯ ಕಾವಲಿಯನ್ನೇ, ಮಾರಾಯ್ತಿ."

ಅಮ್ಮನ ನಗು ನಿಂತಿತು. ಮಾವ ಜಗಲಿಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು.

"ಕೂತುಕೋ. ಇನ್ನೊಮ್ಮೆ ಹೇಳು. ನೀರಿಗೆ ಅಂಟಿಕೊಂಡಿತ್ತು ಅಂದೆಯಲ್ಲ, ಆಮೇಲೆ ಎಂತ ಆಯ್ತು?"