ಇನ್ಸ್‌ಪೆಕ್ಟರ್ ಪಿಸ್ತೂಲಿನ ರಿಪೇರಿ

ಕೊರೋನಾದಿಂದ ನಿಂತುಹೋಗಿದ್ದ ಊರ ನಾಟಕಗಳು ಮತ್ತೆ ಶುರುವಾದ ವರ್ಷ ಅದು. ನಾನು ಪೊಲೀಸ್ ಇಲಾಖೆಯ ಆರ್ಮರರ್ ಹುದ್ದೆಯಿಂದ ನಿವೃತ್ತನಾಗಿ ಪಾಂಡವಪುರದಲ್ಲಿ ರಸ್ತೆಗೆ ಬಾಗಿಲಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಆರ್ಮರರ್ ಎಂದರೆ ಬಂದೂಕು ಹಾರಿಸುವವನಲ್ಲ. ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಕಾಣಿಸಿ ಮತ್ತೆ ಜೋಡಿಸುವವನು. ಜನಕ್ಕೆ ಈ ವ್ಯತ್ಯಾಸ ಹೇಳಿ ಹೇಳಿ ನನಗೆ ಸಾಕಾಗಿದೆ.

ನಿವೃತ್ತಿಯ ಮೇಲೆ ರೈತರ ಔಷಧಿ ಸ್ಪ್ರೇಯರ್‌ಗಳನ್ನು ರಿಪೇರಿ ಮಾಡುತ್ತಿದ್ದೆ. ಹೆಂಡತಿ ನಾನು ಸರ್ವೀಸಿನಲ್ಲಿರುವಾಗಲೇ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ಗಿರಾಕಿ ಬಾರದ ದಿನ ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಒಮ್ಮೆ ಉಕ್ಕುವ ಹಾಲಿಗೆ ಜೋರಾಗಿ ಬೈದು, ನನ್ನ ದನಿಗೆ ನಾನೇ ಬೆಚ್ಚಿದ್ದುಂಟು.

ಅಂಥ ಒಂದು ಬೆಳಿಗ್ಗೆ ಕಿಕ್ಕೇರಿ ಕಡೆಯ ಸಿದ್ದೇಗೌಡರು ಟವಲಿನಲ್ಲಿ ಸುತ್ತಿದ ಪಿಸ್ತೂಲನ್ನು ನನ್ನ ಮೇಜಿನ ಮೇಲಿಟ್ಟರು. ನನ್ನ ಕೈ ತಾನಾಗಿ ಅದರ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿತು. ಅದು ಗ್ಯಾಸಿನಿಂದ ಗುಂಡು ಹಾರಿಸುವ ಹಳೆಯ ಬಿ.ಬಿ. ಪಿಸ್ತೂಲು. ಹಿಡಿಯೊಳಗೆ ಬೆರಳುದ್ದದ ಗ್ಯಾಸ್ ಸಿಲಿಂಡರು ಕೂರುತ್ತದೆ, ಆ ಗ್ಯಾಸು ಕಾಳುಮೆಣಸಿನಷ್ಟು ಗಾತ್ರದ ಗುಂಡನ್ನು ತಳ್ಳುತ್ತದೆ. ಅವರ ಊರಿನಿಂದ ಮುಂಬಯಿಗೆ ದುಡಿಯಲು ಹೋದ ಯಾರೋ ಎಷ್ಟೋ ವರ್ಷಗಳ ಹಿಂದೆ ತಂದುಕೊಟ್ಟಿದ್ದಂತೆ. ಊರಿನ ಸಾಮಾಜಿಕ ನಾಟಕದಲ್ಲಿ ಗುಂಡು ತುಂಬದೆ ಬರೀ ಸದ್ದಿಗೆ ಬಳಸುತ್ತಿದ್ದರು, ಈಗ ಆ ಸದ್ದೇ ಬರುತ್ತಿರಲಿಲ್ಲ.

"ನಾನು ಇನ್ಸ್‌ಪೆಕ್ಟ್ರು ಪಾರ್ಟು ಸಾ. ನಮ್ ಚೆಲುವ ವಿಲನ್ನು. ಕೊನೇ ಸೀನಲ್ಲಿ ನಾನು ಒಡೀತೀನಿ, ಅವ್ನು ಬೀಳ್ತಾನೆ. ಅವ್ನು ಬೀಳೋದ್ ನೋಡಕ್ಕೇ ನಾಗಮಂಗ್ಲದಿಂದ ಜನ ಬರೋರು" ಎಂದರು ಸಿದ್ದೇಗೌಡರು.

ನಾಟಕ ಯಾವಾಗ ಎಂದು ಕೇಳಿದೆ. ಇನ್ನೆಲ್ಲಿಯ ನಾಟಕ ಎಂಬಂತೆ ಅವರು ತಲೆಯಾಡಿಸಿದರು. ಚೆಲುವ ಎಂದು ಅವರು ಕರೆಯುವ ಚೆಲುವೇಗೌಡರಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಪ್ರಯತ್ನಪಟ್ಟರೆ ಮಾತು ಬರುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆದರೆ ಆ ಮನುಷ್ಯ ಪ್ರಯತ್ನವನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ.

"ದಿನಾ ಸಂಜೆ ಓಗ್ತೀನಿ. ನಾನೊಬ್ನೇ ಮಾತಾಡ್ತೀನಿ, ಎದ್ರು ಮಾತೇ ಇಲ್ಲ. ಎದುರ್‌ನೋನು ಡೈಲಾಗ್ ಕೊಡ್ದಿದ್ರೆ ನಾನೇನಂತ ಮುಂದುಕ್ಕೆ ಏಳ್ಲಿ ಸಾ? ಈ ಸದ್ದು ಕೇಳುದ್ರೆ ಏನಾರಾ ಆಗ್ಬೋದೇನೋ. ಆಗ್ದಿದ್ರೆ ನಾನೂ ಓಗೋದು ಬುಟ್ಬುಡ್ತೀನಿ, ನನ್ ಕೈಲಾಗಲ್ಲ."

ಪಿಸ್ತೂಲಿನ ಸದ್ದು ಕಾಯಿಲೆ ವಾಸಿ ಮಾಡುತ್ತದೆ ಎಂಬುದನ್ನು ನಾನು ನಂಬಲಿಲ್ಲ. ಆದರೂ ಕೆಲಸ ಒಪ್ಪಿಕೊಂಡೆ.

ಮೊದಲು ಹಿಡಿಯ ತಳದ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ ಒಳಗೆ ಗ್ಯಾಸು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಖಾಲಿ ಎಂದು ಯಾರು ಹೇಳಿದರೂ ನಂಬದಿರುವುದು ನಮ್ಮ ಕಸುಬಿನ ಮೊದಲ ಪಾಠ. ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸುತ್ತ ಹೋದೆ. ವಾಲ್ವ್, ಅಂದರೆ ಗ್ಯಾಸನ್ನು ತಡೆದು ಬಿಡುವ ಪುಟ್ಟ ಬಾಗಿಲು, ಕೈಗೆ ಬಂದಾಗ ನಗು ಬಂತು. ಉಪ್ಪಿನಕಾಯಿ ಭರಣಿಯ ತಳದಲ್ಲಿ ಉಳಿಯುವ ರಸದ ಹಾಗೆ ಕೆಂಪಗೆ ಏನೋ ಗಟ್ಟಿಯಾಗಿ ಅಂಟಿತ್ತು. ಅದು ಕುಂಕುಮ. ಪ್ರತಿ ನಾಟಕಕ್ಕೂ ಮೊದಲು ರಂಗಪೂಜೆಯಲ್ಲಿ ಗದೆ, ಕಿರೀಟ, ಹಾರ್ಮೋನಿಯಂ ಜೊತೆಗೆ ಪಿಸ್ತೂಲಿನ ಮೂತಿಗೂ ಕುಂಕುಮ ಇಟ್ಟಿದ್ದಾರೆ, ಒಡೆದ ಕಾಯಿಯ ನೀರು ಚಿಮುಕಿಸಿದ್ದಾರೆ. ಭಕ್ತಿಯಿಂದ ಇಷ್ಟು ಕೆಟ್ಟುಹೋದ ಆಯುಧವನ್ನು ನಾನು ಸರ್ವೀಸಿನಲ್ಲಿ ನೋಡಿರಲಿಲ್ಲ.

ತುಕ್ಕು ಉಜ್ಜಿದೆ. ಕಲ್ಲಾಗಿದ್ದ ರಬ್ಬರ್ ಸೀಲಿನ ಬದಲು ಸ್ಪ್ರೇಯರ್‌ನ ವಾಷರ್ ಒಂದನ್ನು ಅಳತೆಗೆ ಅರೆದು ಕೂರಿಸಿದೆ. ಸುತ್ತಿಗೆಯಂತೆ ವಾಲ್ವನ್ನು ಬಡಿಯುವ ಹ್ಯಾಮರಿನ ಸ್ಪ್ರಿಂಗ್ ಹಿಂದೆ ಒಂದು ತಗಡಿನ ಬಿಲ್ಲೆ ಸಿಕ್ಕಿತು. ಕಾರ್ಖಾನೆಯವರು ಇಟ್ಟದ್ದಲ್ಲ, ಯಾರೋ ಕೈಯಿಂದ ಕತ್ತರಿಸಿ ತೂರಿಸಿದ್ದು. ಇಂಥ ಕಿತಾಪತಿ ಕಂಡರೆ ನನಗಾಗದು. ತೆಗೆದು ಪಕ್ಕಕ್ಕೆ ಎಸೆದೆ. ಮೈಸೂರಿನಿಂದ ತರಿಸಿದ ಹೊಸ ಸಿಲಿಂಡರು ಹಾಕಿ, ಸಿದ್ದೇಗೌಡರ ಎದುರಿಗೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದೆ. 'ಟಪ್' ಎಂದಿತು. ಕೆಲಸ ಮುಗಿಯಿತು ಎಂದುಕೊಂಡೆ.

ಸಿದ್ದೇಗೌಡರ ಮುಖ ಇಳಿದುಹೋಯಿತು. "ಇದಲ್ಲ ಸಾ ಸದ್ದು. ಒಳ್ಗೊಂದು ಬಿಲ್ಲೆ ಇತ್ತಲ್ಲ? ಚೆಲುವನೇ ಮಾಡಿಟ್ಟಿದ್ದ, ಇಂದ್ಗಡೆ ಕೂತೋರ್ಗೂ ಕೇಳ್ಲಿ ಅಂತ."

ಮೇಜಿನ ಕೆಳಗೆ ಬಗ್ಗಿ ಆ ಬಿಲ್ಲೆ ಹುಡುಕಿ, ಪಿಸ್ತೂಲನ್ನು ಮತ್ತೆ ಬಿಚ್ಚಿ ಇದ್ದ ಜಾಗದಲ್ಲೇ ಇಟ್ಟೆ. ಸ್ಪ್ರಿಂಗ್ ಬಿಗಿಯಾಯಿತು, ವಾಲ್ವ್ ಹೆಚ್ಚು ಹೊತ್ತು ತೆರೆಯಿತು, ಗ್ಯಾಸು ಒಮ್ಮೆಲೇ ನುಗ್ಗಿತು. ಈ ಸಲದ ಸದ್ದಿಗೆ ರಸ್ತೆಯಾಚೆಯ ಟೀ ಅಂಗಡಿಯವನು ಎದ್ದು ನಿಂತ. ಸಿದ್ದೇಗೌಡರು ಟವಲಿನಿಂದ ಕಣ್ಣೊರೆಸಿಕೊಂಡು, "ಭಾನ್ವಾರ ನೀವೂ ಬನ್ನಿ ಸಾ, ಅಲ್ಲಿ ಇದು ಕೈಕೊಟ್ರೆ?" ಎಂದರು. ಭಾನುವಾರ ನನ್ನನ್ನು ಕರೆಯುವವರು ಬೇರೆ ಯಾರೂ ಇರಲಿಲ್ಲ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಕಿಕ್ಕೇರಿಗೆ ಹೋದೆ.

ಚೆಲುವೇಗೌಡರನ್ನು ಅಂಗಳದಲ್ಲಿ ಮಂಚದ ಮೇಲೆ ದಿಂಬಿಗೊರಗಿಸಿ ಕೂರಿಸಿದ್ದರು. ಅವರ ಹೆಂಡತಿ ಜಯಮ್ಮ ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ನಾನು ಕೊನೆಯದಾಗಿ ಪರೀಕ್ಷಿಸಿ ಕೊಟ್ಟೆ. ಸಿದ್ದೇಗೌಡರು ಹೆಜ್ಜೆ ಅಗಲಿಸಿ, ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಗುರಿಯಿಟ್ಟು ಹೊಡೆದರು.

ಕೋಳಿಗಳು ಚೆಲ್ಲಾಪಿಲ್ಲಿಯಾದವು. ಚೆಲುವೇಗೌಡರ ಕಣ್ಣು ಪಿಸ್ತೂಲಿನ ಮೇಲೆ ಹೊರಳಿತು, ಒಂದು ಕ್ಷಣ ನಿಂತಿತು, ಮತ್ತೆ ಗೋಡೆಗೆ ಹೋಯಿತು. ಜಯಮ್ಮ ಒಳಗೆ ಹೊರಟರು. ಸಿದ್ದೇಗೌಡರ ತೋಳು ಚಾಚಿದ್ದು ಚಾಚಿದಂತೆಯೇ ಇತ್ತು. ನಾನು ರಿಪೇರಿ ಮಾಡಿದ್ದು ಸರಿಯಾಗಿತ್ತು, ಆದರೆ ಉಪಯೋಗಕ್ಕೆ ಬರಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಚೀಲ ಎತ್ತಿಕೊಂಡೆ. ಆಗ ಸಿದ್ದೇಗೌಡರು ಮಂಚದ ಬಳಿ ಹೋಗಿ ಗೆಳೆಯನ ಎಡಗೈಗೆ ಪಿಸ್ತೂಲು ತುರುಕಿದರು.

"ಇವತ್ತು ನೀನೇ ಇನ್ಸ್‌ಪೆಕ್ಟ್ರು ಕಣ್ಲಾ. ಒಡಿ ನಂಗೆ. ಒಡಿಯೋ ಲೇ!"

ಬೆರಳು ಬಹಳ ಹೊತ್ತು ತಡವರಿಸಿತು. ಆಮೇಲೆ ಸದ್ದಾಯಿತು. ಸಿದ್ದೇಗೌಡರು ಎದೆ ಹಿಡಿದುಕೊಂಡು, ತೂರಾಡಿ, ಹುರುಳಿ ಮೂಟೆಯ ಮೇಲೆ ದೊಪ್ಪನೆ ಬಿದ್ದರು. ಜೀವಮಾನವಿಡೀ ನಾಟಕದಲ್ಲಿ ಹೊಡೆದೇ ಗೊತ್ತಿದ್ದ ಮನುಷ್ಯನಿಗೆ ಸಾಯಲು ಬರುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಕಾಲು ಜಾರಿದವರ ಹಾಗೆ ಬಿದ್ದಿದ್ದರು.

"ಅಂಗಲ್ಲ."

ದನಿ ಎಲ್ಲಿಂದ ಬಂತೆಂದು ನನಗೆ ತಕ್ಷಣ ತಿಳಿಯಲಿಲ್ಲ. ಚೆಲುವೇಗೌಡರ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಬಾಯಿ ಸೊಟ್ಟಗಾಗಿ ಒದ್ದಾಡುತ್ತಿತ್ತು. "ಅಂ... ಅಂಗಲ್ಲ... ಲೇ. ಮೊದ್ಲು... ಮಂಡಿ."

ಜಯಮ್ಮ ಓಡಿ ಬಂದರು. ಸಿದ್ದೇಗೌಡರು ಬಿದ್ದಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಎದ್ದು, ಮೊದಲು ಮಂಡಿಯೂರಿ, ಮತ್ತೆ ಸತ್ತರು. ಅದೂ ಸರಿಯಿರಲಿಲ್ಲವಂತೆ. ಸಿಲಿಂಡರಿನ ಗ್ಯಾಸು ಮುಗಿಯುವವರೆಗೂ ಆ ಅಂಗಳದಲ್ಲಿ ಒಬ್ಬರು ಸಾಯುತ್ತಲೇ ಇದ್ದರು, ಇನ್ನೊಬ್ಬರು ತಪ್ಪು ಹಿಡಿಯುತ್ತಲೇ ಇದ್ದರು. ನಾನು ಹೊರಟದ್ದನ್ನು ಇಬ್ಬರೂ ಗಮನಿಸಲಿಲ್ಲ, ನನಗೆ ಬೇಸರವೂ ಆಗಲಿಲ್ಲ.

ಇಲಾಖೆಯ ಆಯುಧಾಗಾರದಲ್ಲಿ ಒಂದು ಕಟ್ಟಳೆಯಿತ್ತು: ಜೋಡಿಸಿದವನೇ ಅದನ್ನು ಪಾಸ್ ಮಾಡುವಂತಿಲ್ಲ, ಇನ್ನೊಬ್ಬ ನೋಡಿ ಸರಿಯೆನ್ನಬೇಕು. ನನ್ನ ಕೆಲಸ ನೋಡುತ್ತಿದ್ದ ಹವಾಲ್ದಾರರು ಸ್ಕ್ರೂವಿನ ತಲೆಯ ಗೆರೆ ಓರೆಯಿದ್ದರೂ ವಾಪಸ್ ಕೊಡುತ್ತಿದ್ದರು. ಅವರನ್ನು ಸರ್ವೀಸಿನುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆ ಕಟ್ಟಳೆ ಬಂದೂಕಿಗಾಗಿ ಎಂದು ತಿಳಿದಿದ್ದೆ, ಮನುಷ್ಯರಿಗೂ ಅದೇ ಬೇಕೆಂದು ಅವತ್ತು ಗೊತ್ತಾಯಿತು. ತಪ್ಪು ಹಿಡಿಯಲು ಒಬ್ಬರಿರುವ ತನಕ ನಾವು ಬದುಕಿರುತ್ತೇವೆ.

ಪಾಂಡವಪುರ ತಲುಪಿ ದೀಪ ಹಾಕಿ ಅನ್ನಕ್ಕಿಟ್ಟೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಎಷ್ಟು ದಿನದಿಂದ ಹಾಗೆ ಹಾಕುತ್ತಿದ್ದೆನೋ, ನನಗೆ ಗೊತ್ತಿಲ್ಲ.