ಲೋಕಪ್ಪಣ್ಣನ ಉಗುರು

ಲೋಕಪ್ಪಣ್ಣ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಸಂತೆಯಲ್ಲಿ ಹೆಂಗಸರು ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ಉಗುರು ಚುಚ್ಚಿ ನೋಡುವ ಹಾಗೆ, ಅವರು ಟಯರಿನ ಪಕ್ಕೆಗೆ ಆ ಉಗುರನ್ನು ಒತ್ತಿ, ಬಿಟ್ಟು, ಗುರುತು ಮಾಯವಾಗುವವರೆಗೆ ನೋಡುತ್ತಾ ಕೂರುತ್ತಿದ್ದರು. ಗುರುತು ಬೇಗ ಮಾಯವಾದರೆ ರಬ್ಬರಿಗೆ ಜೀವ ಇದೆ. ಉಗುರೇ ಇಳಿಯದಿದ್ದರೆ, "ಕಲ್ಲಾಗಿದೆ ಇದು" ಎಂದು ಎದ್ದುಬಿಡುತ್ತಿದ್ದರು. ಆಮೇಲೆ ಗಿರಾಕಿ ಎಷ್ಟು ಮಾತಾಡಿದರೂ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಬಣಕಲ್ಲಿನ ಹೆದ್ದಾರಿ ಪಕ್ಕ ಅವರದೊಂದು ತಗಡಿನ ಅಂಗಡಿ. ಪಂಕ್ಚರ್ ಹಾಕುವುದು, ಹವಾ ತುಂಬುವುದು, ಬೇರೆಯವರು ತಂದುಕೊಟ್ಟ ಟಯರನ್ನು ರಿಮ್ಮಿಗೆ ಏರಿಸುವುದು, ಇಷ್ಟೇ ಅವರ ಕಸುಬು. ಎಲ್ಲರೂ ಸೈಜ್ ಎಷ್ಟು ಎಂದು ಮಾತು ಶುರುಮಾಡಿದರೆ ಇವರು, "ಗಾಡಿ ಓಡೋದೆಷ್ಟು, ನಿಲ್ಲೋದೆಷ್ಟು?" ಎಂದು ಕೇಳುತ್ತಿದ್ದರು. ಕಳಸದ ಜೀಪಿನವರಿಗೆ ಈ ಪ್ರಶ್ನೆ ಒಂದು ತಮಾಷೆ. ಇನ್ನೊಂದು ಅಭ್ಯಾಸವೂ ಇತ್ತು. ಟಯರ್ ಏರಿಸುವ ಮೊದಲು ಅದರ ಒಳಮೈಗೆ, ಟ್ಯೂಬು ಕೂರುವ ಜಾಗದಲ್ಲಿ, ಹಳದಿ ಬಳಪದಿಂದ ಗಾಡಿಯವರ ಹೆಸರು ಮತ್ತು ಏನೋ ಒಂದೆರಡು ಮಾತು ಬರೆಯುತ್ತಿದ್ದರು. ಮುಚ್ಚಿಹೋಗುವ ಜಾಗದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. "ಬಿಚ್ಚೋರು ಓದ್ತಾರೆ" ಎಂದಿದ್ದರು.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆಯುತ್ತಾ, ಕಾಫಿ ಒಣಗಿತೋ ಇಲ್ಲವೋ ಎಂದು ಬೀಜ ಕಚ್ಚಿ ನೋಡುತ್ತಾ ಮೂವತ್ತು ವರ್ಷ ಕಳೆದೆ. ನಾನೂ ಹೆಂಡತಿ ಗಿರಿಜೆಯೂ ಇದ್ದದ್ದು ಎಸ್ಟೇಟಿನ ಆಳುಗಳ ಲೈನುಮನೆಗಳ ಪಕ್ಕದ ಕ್ವಾರ್ಟರ್ಸಿನಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಬೇಕಿದ್ದರೂ ಸಾಹುಕಾರರನ್ನು ಕೇಳಬೇಕಿತ್ತು. ನಿವೃತ್ತಿಯ ವರ್ಷ, ಯುಗಾದಿಯೊಳಗೆ ಕ್ವಾರ್ಟರ್ಸ್ ಬಿಡಬೇಕು ಎಂದಾಗ, ಎಸ್ಟೇಟಿನವರು ಮಕ್ಕಳನ್ನು ಶಾಲೆಗೆ ಸಾಗಿಸುತ್ತಿದ್ದ ಹಳೇ ಮಿನಿಬಸ್ಸನ್ನು ನಾನು ಕೊಂಡೆ. ಸೀಟು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕು, ಗೋಡೆಗೆ ಬೇಕಾದಷ್ಟು ಮೊಳೆ ಹಾಕಿಸಿದೆ. ಇನ್ನು ಮೇಲೆ ಇದೇ ಮನೆ, ಮನಸ್ಸು ಬಂದಲ್ಲಿ ನಿಲ್ಲಿಸುವುದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಗಿರಿಜೆಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. "ಲೋಕಪ್ಪಣ್ಣ ಬಂದು ನೋಡಿ ಹೂಂ ಅಂದ್ರೆ ಹತ್ತುತೀನಿ. ಇಲ್ಲದಿದ್ರೆ ನಾನು ಕಳಸಕ್ಕೆ, ತಮ್ಮನ ಮನೆಗೆ. ನೀವು ನಿಮ್ಮ ಬಸ್ಸಲ್ಲಿ ಇರಿ" ಎಂದಳು. ಅವಳು ಹೇಳಿದರೆ ಹೇಳಿದ ಹಾಗೇ ಮಾಡುವವಳು.

ಬಸ್ಸಿನ ಟಯರ್‌ಗಳು ಸವೆದು ಬೋಳಾಗಿದ್ದವು. ಹೊಸತು ಕೊಳ್ಳುವ ಮೊದಲು ನಾಲ್ಕು ಕಡೆ ವಿಚಾರಿಸೋಣ ಎಂದು ಹೊರಟವನಿಗೆ, ಒಬ್ಬ ಪ್ಲಾಂಟರ್ ಮನೆಯ ಶೆಡ್ಡಿನಲ್ಲಿ ಅದೇ ಏಳೂವರೆ ಹದಿನಾರರ ಸೈಜಿನ ಆರು ಟಯರ್ ಸಿಕ್ಕವು. ಗಾಡಿಗೆಂದು ತಂದು ಹಾಕದೇ ಬಿಟ್ಟವು. ಹೊಸ ಟಯರಿನ ಮೇಲೆ ಇರುತ್ತದಲ್ಲ, ಸಣ್ಣ ಸಣ್ಣ ರಬ್ಬರ್ ಕೂದಲು, ಅದೂ ಉದುರಿರಲಿಲ್ಲ. ಇಂಥದ್ದು ಹುಡುಕಿ ತರಲು ಕಣ್ಣು ಬೇಕು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬಸ್ಸಿಗೆ ಸಾಮಾನನ್ನೂ ಏರಿಸಿ, ಗಿರಿಜೆಯ ನೀಲಿ ಟ್ರಂಕನ್ನೂ ಇಟ್ಟು, ಟಯರ್ ಹೇರಿಕೊಂಡು, ಮೆಲ್ಲಗೆ ಬಣಕಲ್ಲಿಗೆ ತಂದು ನಿಲ್ಲಿಸಿದೆ. ಲೋಕಪ್ಪಣ್ಣನ ಅಂಗಡಿಯವರೆಗೆ ಮಾತ್ರ ಎಂದು ಗಿರಿಜೆಯೂ ಬಂದಳು.

ಲೋಕಪ್ಪಣ್ಣ ಉಗುರು ಒತ್ತಿದರು. ಇಳಿಯಲಿಲ್ಲ. ಕನ್ನಡಕ ಏರಿಸಿ ಟಯರಿನ ಪಕ್ಕೆಯ ಮೇಲಿದ್ದ ನಾಲ್ಕು ಅಂಕಿ ಓದಿದರು. ಮೊದಲೆರಡು, ಟಯರ್ ಹುಟ್ಟಿದ ವಾರ, ಕೊನೆಯೆರಡು, ವರ್ಷ. ಅದನ್ನು ನನಗೆ ಕಲಿಸಿದವರು ಅವರೇ, ಆವತ್ತೇ.

"ಹನ್ನೊಂದು ವರ್ಷ ಆಯ್ತು ರೈಟ್ರೇ. ಇದನ್ನ ನಾನು ಏರ್ಸಲ್ಲ."

"ಒಂದು ದಿನವೂ ಓಡಿಲ್ಲ ಲೋಕಪ್ಪಣ್ಣ. ಮೇಲಿನ ಗೀರುಗಳ ಗುಂಡಿ ನೋಡಿ, ಎಷ್ಟು ಆಳ ಇದೆ."

"ಓಡದೇ ಇದ್ದಿದ್ದಕ್ಕೇ ಹೀಗಾಗಿದ್ದು ಮಾರಾಯ್ರೆ. ನಿಮ್ಮ ಕಸುಬಲ್ಲೇ ಹೇಳ್ತೀನಿ. ಹನ್ನೊಂದು ವರ್ಷದ ಪಾರ್ಚ್‌ಮೆಂಟ್ ಕಾಫಿ ಮೂಟೆ ಬಿಚ್ಚದೇ ಇಟ್ಟಿದೀನಿ, ಹೊಸದು ಅಂತ ತಗೊಳ್ಳಿ ಅಂದ್ರೆ ತಗೊಳ್ತೀರಾ?"

ನನಗೆ ಸಿಟ್ಟು ಬಂತು. ಈ ಟಯರಿನಿಂದ ಯಾರಿಗೆ ಏನಾಗಿದೆ, ನಿಮ್ಮ ಕಣ್ಣೆದುರು ಯಾವುದಾದರೂ ಗಾಡಿ ಉರುಳಿದೆಯಾ ಎಂದು ಜೋರುಮಾಡಿದೆ. ಲೋಕಪ್ಪಣ್ಣ, "ಆಗ್ಲೇಬೇಕಾ?" ಎಂದರು. ಅಷ್ಟೇ. ಹಿಂದಿನಿಂದ ಏನೋ ಉಜ್ಜಿದ ಸದ್ದಾಯಿತು. ತಿರುಗಿದರೆ ಗಿರಿಜೆ ಟ್ರಂಕನ್ನು ಬಸ್ಸಿನಿಂದ ಇಳಿಸಿ, ಅಂಗಡಿಯ ಮುಂದಿಟ್ಟು, ಅದರ ಮೇಲೆ ಕೂತಿದ್ದಳು. ಕಳಸದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಟ್ರಂಕು ನೋಡಿಯೋ ಏನೋ, ಲೋಕಪ್ಪಣ್ಣ ಅಂಗಡಿಗೆ ಅರ್ಧ ಬಾಗಿಲು ಎಳೆದು ಬಸ್ಸು ಹತ್ತಿದರು. ಮೊದಲು ನಮ್ಮನ್ನು ಕಾಫಿ ಲಾರಿಗಳನ್ನು ತೂಗುವ ತೂಕದ ಕಟ್ಟೆಗೆ ಕರೆದೊಯ್ದರು. ಟ್ಯಾಂಕಿಗೆ ನೀರು ತುಂಬಿಸಿ, ಗ್ಯಾಸು, ಅಕ್ಕಿ ಮೂಟೆ, ಗಿರಿಜೆಯ ಒರಳುಕಲ್ಲು, ನಾವು ಮೂವರು, ಎಲ್ಲ ಇದ್ದಂತೆಯೇ ತೂಗಿಸಿದರು. "ಬಸ್ಸಲ್ಲಾದ್ರೆ ಜನ ಇಳೀತಾರೆ ರೈಟ್ರೇ. ಮನೆ ಸಾಮಾನು ಇಳಿಯಲ್ಲ. ನಿಂತ್ರೂ ಈ ಭಾರ ಟಯರಿನ ಮೇಲೇ" ಎಂದರು. ಒಲೆ, ಟ್ಯಾಂಕು, ಒರಳು ಮೂರೂ ಒಂದೇ ಪಕ್ಕ ಇದ್ದವು. ಒರಳನ್ನು ಆಚೆ ಪಕ್ಕಕ್ಕೆ ಅವರೇ ಉರುಳಿಸಿದರು.

ಆಮೇಲೆ ಚಿಕ್ಕಮಗಳೂರಿನ ದೊಡ್ಡ ಟಯರ್ ಅಂಗಡಿ. ಬಾಗಿಲಲ್ಲಿ ಬಿಸಿಲಿಗೆ ಜೋಡಿಸಿಟ್ಟವನ್ನು ಅವರು ಮುಟ್ಟಲೂ ಇಲ್ಲ, ಗೋಡೌನ್ ತೆಗೆಸಿದರು. ಟಾರ್ಚ್ ಹಿಡಿದು ಒಂದೊಂದರ ಅಂಕಿ ಓದುತ್ತಾ, ಉಗುರು ಒತ್ತುತ್ತಾ, ಬೇಡ ಬೇಡ ಎಂದು ಪಕ್ಕಕ್ಕೆ ಸರಿಸುತ್ತಾ ಹೋದರು. "ಹೆಣ್ಣು ನೋಡೋಕೆ ಬಂದಂಗಿದೆ" ಎಂದು ಅಂಗಡಿಯವನು ಗೊಣಗಿದ. "ಹೆಣ್ಣಿಗಾದ್ರೆ ಇಷ್ಟು ನೋಡ್ತಿರ್ಲಿಲ್ಲ, ಅವಳಿಗೆ ಬಾಯಿ ಇರುತ್ತೆ, ಸರಿಯಿಲ್ಲ ಅಂದ್ರೆ ಹೇಳ್ತಾಳೆ" ಎಂದರು ಲೋಕಪ್ಪಣ್ಣ. ಗಿರಿಜೆ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ. ಹೊತ್ತು ಇಳಿಯುವಷ್ಟರಲ್ಲಿ ಒಂದೇ ತಿಂಗಳಲ್ಲಿ ಹುಟ್ಟಿದ ಆರು ಟಯರ್ ಸಿಕ್ಕವು.

ಮರುದಿನ ಅವರು ಏರಿಸಿಕೊಟ್ಟರು. ಹಿಂದಿನ ಜೋಡಿಚಕ್ರದಲ್ಲಿ ಒಳಗಡೆಯದಕ್ಕೆ ಹಳೇ ಟಯರ್ ಹಾಕುವುದು ನಮ್ಮ ಕಡೆ ಎಲ್ಲರ ರೂಢಿ. ಹೊರಗಿನವರಿಗೆ ಕಾಣುವುದಿಲ್ಲವಲ್ಲ. ಲೋಕಪ್ಪಣ್ಣ ಆರರಲ್ಲಿ ಒಳ್ಳೆಯ ಎರಡನ್ನು ಆರಿಸಿ ಅಲ್ಲಿಗೇ ಹಾಕಿದರು. ಬಳಪದಿಂದ ಬರೆಯುವಾಗ ನನ್ನ ಕಡೆ ಬೆನ್ನು ಹಾಕಿದ್ದರು. ಎದ್ದು ನಿಂತು ಕೈ ಒರೆಸಿಕೊಂಡು, "ಹತ್ತಿ ಗಿರಿಜಕ್ಕ" ಎಂದರು. ಗಿರಿಜೆ ಹತ್ತಿದಳು.

ಪ್ಲಾಂಟರ್ ಶೆಡ್ಡಿನಿಂದ ತಂದ ಆ ಆರು ಟಯರ್ ಒಡೆಯುತ್ತಿದ್ದವೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವುಗಳಲ್ಲಿ ಮಣ್ಣು ತುಂಬಿ ಗಿರಿಜೆಯ ತಮ್ಮ ಕಳಸದಲ್ಲಿ ಕೆಸು ಬೆಳೆಸಿದ್ದಾನೆ.

ಆಮೇಲಿನ ವರ್ಷಗಳಲ್ಲಿ ನಮ್ಮ ಮನೆ ದೇವರಮನೆ ಬೆಟ್ಟದ ಹುಲ್ಲುಗಾವಲಿನ ಕೆಳಗೆ, ಕಳಸದ ಹೊಳೆಯ ಪಕ್ಕ, ಪರಿಚಯದವರ ಕಣಗಳಲ್ಲಿ ನಿಂತಿತು. ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬಣಕಲ್ ದಾಟುವಾಗಲೆಲ್ಲ ಲೋಕಪ್ಪಣ್ಣ ಹೊರಬಂದು ಆರಕ್ಕೂ ಉಗುರು ಒತ್ತಿ, ಗಿರಿಜೆ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ಕೊನೆಯ ಸಲವೂ ಹಾಗೇ. ಲೋಟ ವಾಪಸ್ ಕೊಡುವಾಗ, "ಇನ್ನೊಂದು ಮಳೆಗಾಲ ಅಷ್ಟೇ, ನೋಡಿ" ಎಂದರು. ನಾನು ಹೂಂ ಎಂದು ಮರೆತೆ. ಆ ಮಳೆಗಾಲದಲ್ಲೇ ಅವರು ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ, ಅಳು ಬರಲಿಲ್ಲ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಈ ಮೇ ತಿಂಗಳ ಕೊನೆಯಲ್ಲಿ ಮೂಡಿಗೆರೆ ಹತ್ತಿರ ಹಿಂದಿನ ಒಳಗಿನ ಟಯರ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಟಯರ್ ನೋಡಿ, ಹಳೇದಾಯ್ತೇನೋ ಎಂದ. "ಗುಂಡಿ ನೋಡಯ್ಯ, ಎಷ್ಟು ಆಳ ಇದೆ. ಇನ್ನೂ ಎರಡು ವರ್ಷ ಓಡುತ್ತೆ, ಪ್ಯಾಚ್ ಹಾಕು ಸಾಕು" ಎಂದೆ. ಅವನು ರಿಮ್ಮಿನಿಂದ ಬಿಚ್ಚಿ ಒಳಗೆ ಬೆಳಕು ಬಿಟ್ಟ.

"ಸಾರ್, ಎಂತದೋ ಬರ್ದಿದಾರೆ ಇಲ್ಲಿ."

ಹಳದಿ ಅಕ್ಷರ ಸ್ವಲ್ಪವೂ ಮಾಸಿರಲಿಲ್ಲ. 'ಗಿರಿಜಕ್ಕನ ಮನೆ. ಆರು ಮಳೆಗಾಲ ಆದ್ರೆ ಆರೂ ತೆಗೀರಿ. ರೈಟ್ರು ಕೇಳಲ್ಲ, ಅಕ್ಕಂಗೆ ತೋರ್ಸಿ.'

ಆವತ್ತು ಬಾರದ ಅಳು ಅಲ್ಲಿ, ಅಪರಿಚಿತನ ಎದುರು, ಬಂತು. ಗಿರಿಜೆ ಕನ್ನಡಕ ಹಾಕಿಕೊಂಡು ಬಗ್ಗಿ ಎರಡು ಸಲ ಓದಿದಳು. ಬೆರಳು ಮಡಚಿ ಮಳೆಗಾಲ ಎಣಿಸಿದಳು, ಆರೂ ಆಗಿದ್ದವು. ಬಸ್ಸು ಹತ್ತಿ, ನೀಲಿ ಟ್ರಂಕನ್ನು ಎಳೆದು ತಂದು, ಅಂಗಡಿಯ ಜಗಲಿಯ ಮೇಲಿಟ್ಟು, ಅದರ ಮೇಲೆ ಕೂತಳು.