ಹೇವರ್ಡಿನ ಕಲಾಯಿ ಮನೆ

ಶನಿವಾರ ಬೆಳಿಗ್ಗೆ ಅಕ್ಕನ ಊರು ವಾಲ್ನಟ್ ಕ್ರೀಕಿನಲ್ಲಿ ಅವಳ ಜೊತೆ ರೈಲು ಹತ್ತಿ ಕೂತಾಗ ನನ್ನ ತೊಡೆಯ ಮೇಲೆ ಅಮ್ಮನ ಹಿತ್ತಾಳೆ ಪಾತ್ರೆ ಇತ್ತು. ಅಮ್ಮ ಹೋದಮೇಲೆ ಅಕ್ಕ ಅದನ್ನು ಅಮೆರಿಕಕ್ಕೆ ತಂದುಕೊಂಡಿದ್ದಳು. ಒಳಗಿನ ಕಲಾಯಿ ಕಿತ್ತುಹೋಗಿ, ಹುಳಿ ಕಾಯಿಸಿದರೆ ಕಿಲುಬಿನ ವಾಸನೆ. ಮೈಸೂರಿಗೆ ಒಯ್ದು ಮಾಡಿಸುತ್ತೇನೆ ಎಂದರೂ ಅಕ್ಕ ಕೇಳಲಿಲ್ಲ. ಹೇವರ್ಡಿನಲ್ಲಿ, ಜಿಪ್ಸಿಗಳೆಂದು ಕರೆಸಿಕೊಳ್ಳುವ ರೋಮಾ ಜನರ ಒಂದು ಕುಟುಂಬ ತಲತಲಾಂತರದಿಂದ ಈ ಕೆಲಸ ಮಾಡುತ್ತದಂತೆ. ಅವರು ಅಲೆಮಾರಿಗಳೆಂದು ಎಲ್ಲೋ ಓದಿದ್ದೆ. ಅನುಮಾನಪಡಲು ನನಗೆ ಅಷ್ಟೇ ಸಾಕಾಯಿತು.

“ಪಾತ್ರೆ ಬದಲಾಯಿಸಿಬಿಟ್ರೆ?”

“ಅಮ್ಮನ ಹೆಸರು ಕೊರೆಸಿದೆಯಲ್ಲೇ. ಸುಮ್ನಿರು,” ಅಂದಳು ಅಕ್ಕ.

ಓಕ್ಲೆಂಡಿನಲ್ಲಿ ರೈಲು ಬದಲಿಸಿ, ಒಂದು ಗಂಟೆಯಲ್ಲಿ ಹೇವರ್ಡ್ ತಲುಪಿದೆವು. ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿತ್ತು. ಗೋದಾಮುಗಳ ಸಾಲಿನ ಹಿಂದೆ ಮನೆ. ಮುಂದೆ ಕೈ ನೋಡಿ ಭವಿಷ್ಯ ಹೇಳುವ ಬೋರ್ಡು. ನನ್ನ ಅನುಮಾನ ಇಮ್ಮಡಿಯಾಯಿತು. ಊರಲ್ಲಿ ಅಂಥದೇ ಬೋರ್ಡಿನ ಕೆಳಗೆ ನಾನೂ ಕೈಚಾಚಿ ಕೂತವಳೇ, ಅದು ಬೇರೆ ಮಾತು.

ಭವಿಷ್ಯ ಹೇಳುವವಳು ಆ ಮನೆಯ ಸೊಸೆ. ಗಂಡುಮಕ್ಕಳಿಬ್ಬರು ನೆಗ್ಗಿದ ಕಾರು ಸರಿಮಾಡುತ್ತಾರೆ. ಎಲ್ಲರೂ ಒಂದೇ ಮನೆಯಲ್ಲಿ. ಕಲಾಯಿ ಮಾತ್ರ ಯಜಮಾನ ಮೈಲೋನದು. ಅವನು ಗ್ಯಾರೇಜಿನಲ್ಲಿ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಹತ್ತಿಯಿಂದ ಬಳಿಯುವವರೆಗೂ ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಬಿಳಿಹೊಗೆಯಲ್ಲೂ ಕಣ್ಣು ಮುಚ್ಚಲಿಲ್ಲ.

ಅವನ ಹೆಂಡತಿ ರೋಸಿ ಕಾಫಿ ಕೊಟ್ಟಳು. ಕುಡಿದು, ಅಲ್ಲೇ ನಲ್ಲಿಯ ಬಳಿ ಅವರ ಊಟದ ಪಾತ್ರೆಗಳನ್ನು ನೆನೆಸಿದ್ದ ಟಬ್ಬಿನಲ್ಲಿ ಲೋಟದ ಜೊತೆ ಕೈಯನ್ನೂ ಅದ್ದಿ ತೊಳೆದೆ. ರೋಸಿ ಕಿರುಚಿಕೊಂಡಳು. ನೀರೆಲ್ಲ ಚೆಲ್ಲಿ, ಅಷ್ಟೂ ಪಾತ್ರೆಗಳನ್ನು ಮತ್ತೆ ಉಜ್ಜಿದಳು. ನನ್ನ ಲೋಟವನ್ನು ಮಾತ್ರ ಕಿಟಕಿಯಲ್ಲಿ ಒಂಟಿಯಾಗಿಟ್ಟಳು.

“ಪಾತ್ರೆ ಟಬ್ಬಲ್ಲಿ ನಾವ್ಯಾರೂ ಕೈ ತೊಳೆಯೋದಿಲ್ಲ. ಹೊರಗಿನವರ ಲೋಟಾನೂ ಬೇರೆ,” ಎಂದಳು ಇಂಗ್ಲಿಷಿನಲ್ಲಿ.

ನನಗೆ ಮೈಯೆಲ್ಲ ಉರಿಯಿತು. “ನಾನೇನು ಮೈಲಿಗೇನಾ?” ಎಂದು ಅಕ್ಕನ ಮೇಲೆ ಹರಿಹಾಯ್ದೆ.

“ನಮ್ಮನೇಲಿ ಕಲಾಯಿಯವನ ಲೋಟ ಎಲ್ಲಿರ್ತಿತ್ತು, ಹೇಳು?”

ಹಿತ್ತಲ ಗೋಡೆಯ ಗೂಡಿನಲ್ಲಿ, ಬೋರಲಾಗಿ. ಅವನು ಕಲಾಯಿ ಹಾಕಿದ ಇದೇ ಪಾತ್ರೆಯ ಹುಳಿಯನ್ನು ನಾವು ಉಣ್ಣುತ್ತಿದ್ದೆವು. ಅವನ ಲೋಟವನ್ನು ಅವನೇ ತೊಳೆದಿಡಬೇಕಿತ್ತು.

ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತ ಕೈಗೆ ಬಂತು. ಥ್ಯಾಂಕ್ಸ್ ಹೇಳುವ ಮೊದಲು ನಾನು ಕಂಠದ ಮೇಲೆ ಅಮ್ಮನ ಹೆಸರು ಹುಡುಕಿದೆ. ಮೈಲೋ ನೋಡಿದ. “ನಿಮ್ಮದೇ,” ಎಂದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಡುವಾಗ ರೋಸಿ ನನ್ನ ಹೆಸರು ಕೇಳಿದಳು. ಒಂದೊಂದೇ ಅಕ್ಷರ ಹೇಳಿಸಿಕೊಂಡು, ಟೇಪಿನ ಚೂರಿನ ಮೇಲೆ ಬರೆದು ಆ ಲೋಟಕ್ಕೆ ಅಂಟಿಸಿದಳು. “ಇನ್ನೊಮ್ಮೆ ಬಂದಾಗ ಇದರಲ್ಲೇ ಕಾಫಿ.”

ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಕಿಟಕಿಯಲ್ಲಿ ಲೋಟ ಇತ್ತು. ರೈಲಿನಲ್ಲಿ ಅಕ್ಕನನ್ನು ಕೇಳಿದೆ, ವರ್ಷವರ್ಷವೂ ನಮ್ಮ ಮನೆಗೆ ಬರುತ್ತಿದ್ದ ಆ ಕಲಾಯಿಯವನ ಹೆಸರೇನೆಂದು. ಅವಳಿಗೂ ಗೊತ್ತಿರಲಿಲ್ಲ.